ಮೂರನೆಯ ಸಾಲಿನ ಕೊನೆಗೆ

ಬೆಲೆ ಇಳಿದ ಸುದ್ದಿ ಬಂದಾಗ ನಮ್ಮವರ ಅರ್ಧ ಮುಖದಲ್ಲಿ ಸೋಪಿನ ನೊರೆಯಿತ್ತು. ಉಳಿದರ್ಧ ಮುಖ ನಗುತ್ತಿತ್ತು.

"ಇಳೀತು! ಇಳೀತು ಕಣೇ!" ಎಂದು ಒಂದು ಕೈಯಲ್ಲಿ ರೇಜರ್, ಇನ್ನೊಂದರಲ್ಲಿ ಫೋನು ಹಿಡಿದು ಬಚ್ಚಲಿನಿಂದ ಓಡಿ ಬಂದರು.

ಅಡುಗೆಮನೆಯಿಂದ ಅತ್ತೆ, "ಯಾರೋ ಇಳಿದಿದ್ದು? ಹತ್ತಿದ್ದಾದ್ರೂ ಯಾವಾಗ?" ಎಂದರು.

"ಕಾರಮ್ಮ, ಕಾರು! ಕರೆಂಟಿನ ಕಾರಿನ ಬೆಲೆ!"

"ಹಾಗಾದ್ರೆ ಇವತ್ತೇ ಹೋಗಿ ತಗೊಂಡುಬಿಡಿ."

"ಛೆ, ಈಗ್ಲೇನಾ? ಇಳಿಯೋಕೆ ಶುರುವಾಗಿದೆ, ಇನ್ನೂ ಇಳಿಯುತ್ತೆ. ಸ್ವಲ್ಪ ಕಾಯೋಣ."

ನಮ್ಮವರ ಗೆಳೆಯರು ಅವರನ್ನು ಕರೆಯುವುದೇ 'ಕಾಯೋಣ' ಎಂದು. ಫ್ರಿಜ್ಜಿನ ಬೆಲೆ ಇಳಿಯಲೆಂದು ಕಾದು ನಾವು ಎರಡು ಬೇಸಿಗೆ ಬೆಚ್ಚಗಿನ ನೀರು ಕುಡಿದವರು. ಕೊನೆಗೆ ಕೊಂಡದ್ದು ಚಳಿಗಾಲದಲ್ಲಿ.

ಆದರೆ ಕಾರಿನ ವಿಷಯ ಫ್ರಿಜ್ಜಿನಂತಲ್ಲ. ಅತ್ತೆಗೆ ಒಬ್ಬಳೇ ಅಕ್ಕ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತೇವೆ. ಬೆಟ್ಟದ ಆಚೆ ಬದಿಯ ಊರು, ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ತಲುಪುವಷ್ಟು ದೂರ, ರೈಲಿಲ್ಲ. ಅಕ್ಕತಂಗಿಯರು ದಿನಾ ಬೆಳಿಗ್ಗೆ ಫೋನಿನ ಸ್ಪೀಕರ್ ಹಾಕಿಕೊಂಡು ದೇವರ ಪದ್ಯ ಹೇಳಿಕೊಳ್ಳುತ್ತಿದ್ದರು. ಆರು ಸಾಲಿನ ಪದ್ಯ. ಮೊದಲ ಮೂರು ಸಾಲು ಅಕ್ಕನದು, ಉಳಿದ ಮೂರು ತಂಗಿಯದು. ಚಿಕ್ಕಂದಿನಲ್ಲಿ ತಾಯಿ ಹಾಗೆ ಹಂಚಿಕೊಟ್ಟಿದ್ದರಂತೆ. ನಾನು ಈ ಮನೆಗೆ ಬಂದಂದಿನಿಂದ ನನಗೆ ಬೆಳಗಾಗುವುದೇ ಆ ಪದ್ಯ ಕಿವಿಗೆ ಬಿದ್ದ ಮೇಲೆ.

ಈಚೆಗೆ ದೊಡ್ಡಮ್ಮನ ಕಿವಿ ಮಂದವಾಗಿತ್ತು. ಹತ್ತಿರ ಕೂತು ಹೇಳಿದರೆ ಕೇಳುತ್ತದೆ. ಫೋನಿನಲ್ಲಿ ಮಾತ್ರ ಬರೀ ಕರಕರ. ಯಂತ್ರ ಹಾಕಿ ನೋಡಿದರೂ ಅಷ್ಟೆ. ನಮ್ಮವರು ಕನ್ನಡಕದ ಗಾಜು ಉಜ್ಜುವವರು, ನಾನು ದಂತವೈದ್ಯರಿಗೆ ಹಲ್ಲಿನ ಅಚ್ಚು ತಯಾರಿಸುವವಳು. ಊರಿನವರ ಕಣ್ಣು ಅವರ ಕೈಯಲ್ಲಿ, ಹಲ್ಲು ನನ್ನ ಕೈಯಲ್ಲಿ. ದೊಡ್ಡಮ್ಮನ ಕಿವಿಗೆ ಮಾತ್ರ ಇಬ್ಬರೂ ದಂಡ. ಅತ್ತೆ ಈಗಲೂ ಬೆಳಿಗ್ಗೆ ಕಣ್ಣು ಮುಚ್ಚಿ ಕೂರುತ್ತಾರೆ. ಮೂರು ಸಾಲಿನಷ್ಟು ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ತಮ್ಮ ಮೂರು ಸಾಲು ಹೇಳುತ್ತಾರೆ. ಆ ಸುಮ್ಮನಿರುವ ಹೊತ್ತಿನಲ್ಲಿ ನಾನು ಒಲೆಯ ಮುಂದೆ ಪಾತ್ರೆ ಸದ್ದಾಗದ ಹಾಗೆ ನಿಂತಿರುತ್ತೇನೆ.

ದೊಡ್ಡಮ್ಮನಿಗೆ ಮಂಡಿ ನೋವು, ಇಲ್ಲಿಗೆ ಬರಲಾರರು. ಅತ್ತೆಯೇ ಹೋಗಬೇಕು. ಅತ್ತೆಗೋ ಗಾಡಿ ಅಂದರೆ ಹೊಟ್ಟೆ ತೊಳಸುತ್ತದೆ. ಬಸ್ಸಿನ ಹೆಸರೆತ್ತಿದರೆ ಸಾಕು, ಮುಖ ಹಸಿರಾಗುತ್ತದೆ. ನಮ್ಮ ಹಳೆಯ ಕಾರಿನಲ್ಲಿ ಒಮ್ಮೆ ಹೊರಟು ಊರ ಗಡಿ ದಾಟುವ ಮೊದಲೇ ವಾಪಸ್ಸಾಗಿದ್ದೆವು. "ಹೊಗೆ ವಾಸನೆ ಕಣೋ, ಆ ಗಡಗಡ ಬೇರೆ" ಎಂದಿದ್ದರು. ಹೊಗೆಯೂ ಇಲ್ಲದ, ಗಡಗಡವೂ ಇಲ್ಲದ ಕಾರು ಬಂದಿದೆ ಎಂದು ತಿಳಿದ ದಿನದಿಂದ ಅತ್ತೆಯ ಕಣ್ಣಲ್ಲಿ ಒಂದು ಹೊಳಪು. ಹಳೆಯದನ್ನು ಮಾರಿಯಾಗಿತ್ತು. ಹೊಸದಕ್ಕೆ ನಮ್ಮವರು ಕಾಯುತ್ತಿದ್ದರು.

ಬೆಲೆ ಇನ್ನೊಮ್ಮೆ ಇಳಿಯಿತು. ನಮ್ಮವರು ತಾವೇ ಇಳಿಸಿದವರಂತೆ ಮನೆಯೆಲ್ಲ ಓಡಾಡಿದರು. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ನಮ್ಮ ಮನೆಯಾಯಿತು, ಸಕ್ಕರೆ ಡಬ್ಬಿ ದೊಡ್ಡಮ್ಮನ ಮನೆ, ನಡುವೆ ಮಲಗಿದ ಚಮಚ ಚಾರ್ಜಿಂಗ್ ಸ್ಟೇಷನ್.

"ದೊಡ್ಡ ಬ್ಯಾಟರಿಯದಾದ್ರೆ ಉಪ್ಪಿನಿಂದ ಸಕ್ಕರೆಗೆ ಒಂದೇ ಓಟ. ಚಿಕ್ಕದಾದ್ರೆ ಚಮಚದ ಹತ್ರ ಒಂದು ಗಂಟೆ ನಿಲ್ಬೇಕು. ಬೆಟ್ಟ ಹತ್ತುವಾಗ ಕರೆಂಟು ಜಾಸ್ತಿ ತಿನ್ನುತ್ತೆ, ಇಳಿಯುವಾಗ ಸ್ವಲ್ಪ ವಾಪಸ್ ಕೊಡುತ್ತೆ..."

ಅತ್ತೆ ಬಂದು ಚಮಚ ಎತ್ತಿಕೊಂಡು ಹಾಲಿಗೆ ಸಕ್ಕರೆ ಬೆರೆಸತೊಡಗಿದರು.

"ಅಯ್ಯೋ ಅಮ್ಮ! ನಡುದಾರೀಲಿ ಕೈಕೊಟ್ಯಲ್ಲ!"

"ನೀನು ಹೊರಡೋದ್ರೊಳಗೆ ಹತ್ತು ಸಲ ತೊಳೆದು ವಾಪಸ್ ಇಡ್ತೀನಿ, ತಗೋ" ಎಂದರು ಅತ್ತೆ.

ನಾನು ಕೇಳಿದೆ, "ರೀ, ಈಗಲಾದ್ರೂ ತಗೊಳೋಣ್ವಾ?"

"ಎರಡು ಸಲ ಇಳಿದದ್ದು ಮೂರನೇ ಸಲ ಇಳಿಯಲ್ವಾ? ಸ್ವಲ್ಪ..."

"ಕಾಯೋಣ" ಎಂದು ನಾನೂ ಅತ್ತೆಯೂ ಒಟ್ಟಿಗೆ ಮುಗಿಸಿದೆವು.

ಶುಕ್ರವಾರ ಸಂಜೆ ಬಂದ ಸುದ್ದಿ ಬೇರೆ ಥರದ್ದು. ಸರಕಾರದ ರಿಯಾಯಿತಿ ನಿಲ್ಲುತ್ತದೆ, ಶನಿವಾರ ಶೋರೂಮ್ ಮುಚ್ಚುವುದರೊಳಗೆ ಬುಕ್ ಮಾಡಿದವರಿಗಷ್ಟೇ ಹಳೆಯ ಬೆಲೆ. ಆಮೇಲೆ ಏರುವ ಬೆಲೆಗೆ ಚಿಕ್ಕ ಬ್ಯಾಟರಿಯ ಕಾರೂ ನಮ್ಮ ಕೈಗೆ ಎಟುಕುವುದಲ್ಲ. ನಮ್ಮವರು ಫೋನು ಕೆಳಗಿಟ್ಟು ಅತ್ತೆಯ ಮುಖ ನೋಡಿದರು. ಅತ್ತೆ ಎದ್ದು ಹೋಗಿ, ಒಳ್ಳೆಯ ಚಪ್ಪಲಿಯನ್ನು ಒರೆಸಿ ಬಾಗಿಲ ಬಳಿ ಜೋಡಿಸಿಟ್ಟರು.

ಶನಿವಾರ ಶೋರೂಮಿನಲ್ಲಿ ಜನ ಇರುವೆ ಮುತ್ತಿದ ಹಾಗೆ ಮುತ್ತಿದ್ದರು. ನಮಗೆ ಸಿಕ್ಕ ಮಾರಾಟದವರು ಕೆಂಪು ಟೈ ಕಟ್ಟಿದ್ದರು. ಬೆಳಗಿನಿಂದ ಮಾತಾಡಿ ಗಂಟಲು ಕಟ್ಟಿದ್ದರೂ ಉತ್ಸಾಹ ಮಾತ್ರ ಕುಂದಿರಲಿಲ್ಲ. "ಮೊದಲು ದೊಡ್ಡ ಬ್ಯಾಟರಿಯದ್ದು ನೋಡ್ಬಿಡಿ ಅಮ್ಮ, ಆಮೇಲೆ ಬೇರೆ ಯಾವುದನ್ನೂ ಕೇಳಲ್ಲ ನೀವು" ಎಂದು ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ತಾವೇ ಓಡಿಸಿದರು.

ಕಾರು ಹೊರಟದ್ದೇ ತಿಳಿಯಲಿಲ್ಲ. ಗೋಡೆಗಳು ತಾವಾಗಿ ಹಿಂದೆ ಸರಿದ ಹಾಗಾಯಿತು. ಅತ್ತೆ ತಿರುಗಿ ನನ್ನನ್ನು ನೋಡಿ, ಚಿಕ್ಕ ಹುಡುಗಿಯ ಹಾಗೆ, "ವಾಸನೇನೇ ಇಲ್ಲ ಕಣೇ!" ಎಂದರು.

"ಈಗ ನೋಡಿ ಅಮ್ಮ ಮಜಾ" ಎಂದರು ಟೈನವರು. "ಬ್ರೇಕ್ ಮುಟ್ಟೋದೇ ಬೇಡ. ಕಾಲು ಎತ್ತಿದ್ರೆ ಸಾಕು, ತಾನೇ ನಿಲ್ಲುತ್ತೆ. ನಿಲ್ಲೋವಾಗ ಬ್ಯಾಟರಿಗೆ ಕರೆಂಟು ವಾಪಸ್!"

ಕಾಲೆತ್ತಿದರು. ನಾವೆಲ್ಲ ಮುಂದಕ್ಕೆ ಜೋಲಿ ಹೊಡೆದೆವು. ಮತ್ತೆ ಓಡಿಸಿದರು, ಮತ್ತೆ ಎತ್ತಿದರು. ಅವರ ಮಜಾ ನಾಲ್ಕನೆಯ ಸಲ ಮುಗಿಯುವಷ್ಟರಲ್ಲಿ ಅತ್ತೆ ಮಡಿಲಲ್ಲಿದ್ದ ಪ್ಲಾಸ್ಟಿಕ್ ಚೀಲ ಬಿಡಿಸಿದರು. ಕಾರಿನ ಹೊಸ ಸೀಟು ಬಚಾವಾಯಿತು. ಅತ್ತೆಯ ಆಸೆ ಬಚಾವಾಗಲಿಲ್ಲ.

ಟೈನವರು ಪಾಪ, ನೀರು ತಂದುಕೊಟ್ಟರು. "ಇದಕ್ಕೂ ಉಪಾಯ ಇದೆ ಅಮ್ಮ. ಈ ಮಾಡೆಲ್‌ನಲ್ಲಿ ಆ ಎಳೆತ ಕಡಿಮೆ ಮಾಡ್ಕೋಬಹುದು, ಇಲ್ಲೇ ಬಟನ್ ಇದೆ."

"ಚಿಕ್ಕ ಬ್ಯಾಟರಿಯದ್ರಲ್ಲಿ?" ಎಂದರು ನಮ್ಮವರು.

"ಅದ್ರಲ್ಲಿ ಬಟನ್ ಇಲ್ಲ ಸಾರ್. ಇದ್ದ ಹಾಗೇ ಓಡಿಸ್ಬೇಕು."

ಎರಡರ ಬೆಲೆಗೆ ಇದ್ದ ವ್ಯತ್ಯಾಸ ನಮ್ಮ ಕನ್ನಡಕದ ಅಂಗಡಿಯ ಒಂದು ವರ್ಷದ ಬಾಡಿಗೆ. ನಮ್ಮವರು ಬಾಯಿ ತೆರೆದು "ಸ್ವಲ್ಪ ಕಾ..." ಎಂದವರು ಅಲ್ಲಿಗೇ ಕಚ್ಚಿಕೊಂಡರು. ಆ ಮಾತು ಅವರ ಬಾಯಲ್ಲೇ ಮುರಿದುಬಿದ್ದದ್ದನ್ನು ನಾನು ಮೊದಲ ಸಲ ಕೇಳಿದೆ.

ಅತ್ತೆ ಬಾಯಿ ಒರೆಸಿಕೊಂಡು, "ಬಿಡ್ರೋ. ನನ್ನ ಹೊಟ್ಟೆಗೋಸ್ಕರ ಮನೆ ಮಾರೋಕಾಗುತ್ತಾ? ಅಕ್ಕನಿಗೆ ಒಂದು ಕಾಗದ ಬರೆದ್ರಾಯ್ತು" ಎಂದರು. ಪದ್ಯವನ್ನು ಕಾಗದದಲ್ಲಿ ಹೇಳುವುದು ಹೇಗೆ ಎಂದು ಯಾರೂ ಕೇಳಲಿಲ್ಲ.

"ಚಿಕ್ಕದ್ದನ್ನ ನಾನೊಮ್ಮೆ ಓಡಿಸಿ ನೋಡ್ಲಾ ಅತ್ತೆ?" ಎಂದೆ.

"ಇನ್ನೊಂದು ಚೀಲ ಇದೆಯೇನೇ ನಿನ್ನ ಹತ್ರ?"

"ಇದೆ."

"ಹಾಗಾದ್ರೆ ನಡಿ."

ನಮ್ಮವರೂ ಟೈನವರೂ ಹಿಂದೆ ಕೂತರು. ನಾನು ಎಷ್ಟು ಹುಷಾರಾಗಿದ್ದರೂ ಮೊದಲ ತಿರುವಿನಲ್ಲೇ ಕಾರು ತಲೆ ಬಾಗಿಸಿತು. ಅತ್ತೆ ಚೀಲ ಎದೆಗೊತ್ತಿ ಕಣ್ಣು ಮುಚ್ಚಿದರು. ಹೊಟ್ಟೆಯನ್ನು ಸಮಾಧಾನ ಮಾಡಲೆಂದೋ ಏನೋ, ತುಟಿ ಅಲುಗಿತು. ಮೆಲ್ಲಗೆ, ತಮ್ಮ ಮೂರು ಸಾಲು. ಹಳೆಯ ಕಾರಿನಲ್ಲಾಗಿದ್ದರೆ ಅದು ಯಾರಿಗೂ ಕೇಳುತ್ತಿರಲಿಲ್ಲ. ಇಲ್ಲಿ ಒಂದೊಂದು ಅಕ್ಷರವೂ ಕೇಳಿಸಿತು. ನನ್ನ ಕಾಲು ಎದ್ದಾಗಲೆಲ್ಲ ಆ ದನಿ ಎಡವುವುದೂ ಕೇಳಿಸಿತು.

ಮೂರು ಸಾಲು ಮುಗಿಸಿ ಅತ್ತೆ ಸುಮ್ಮನಾದರು. ಪದ್ಯ ಮತ್ತೆ ಮೊದಲಾದರೆ ಅಕ್ಕನ ಸಾಲಿನ ಹೊತ್ತು ಅದು. ನನಗೆ ಏನನ್ನಿಸಿತೋ, ಎಷ್ಟೋ ವರ್ಷ ಕೇಳಿ ಕೇಳಿ ಬಂದಿದ್ದನ್ನು ಬಾಯಿಬಿಟ್ಟು ಹೇಳಿದೆ. ಎರಡು ಗಿಡ್ಡ ಸಾಲು ಓಡೋಡಿ ಬರುತ್ತವೆ. ಮೂರನೆಯದು ಉದ್ದ. ಅದರ ಕೊನೆಯಲ್ಲಿ ದನಿಯನ್ನು ಥಟ್ಟನೆ ಬಿಡುವ ಹಾಗಿಲ್ಲ. ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಇಳಿಸಬೇಕು. ನಾನು ದನಿ ಇಳಿಸಿದೆ. ಎದುರಿಗೆ ಕೆಂಪು ದೀಪ ಬಿದ್ದಿತ್ತು. ದನಿ ಇಳಿದ ಹಾಗೇ ಕಾಲು ಮೇಲೆದ್ದಿತು, ಕೂದಲೆಳೆ ಕೂದಲೆಳೆಯಾಗಿ. ಕಾರು ನಿಂತಿತು. ಅತ್ತೆಯ ಕೊರಳ ಸರ ಕೂಡ ಅಲುಗಲಿಲ್ಲ.

ಅತ್ತೆ ಕಣ್ಣು ಬಿಟ್ಟರು. "ಯಾವಾಗ ಕಲಿತ್ಯೇ?"

"ಕಲೀಲಿಲ್ಲ ಅತ್ತೆ. ಕೇಳ್ತಿದ್ದೆ."

"ಹೂಂ. ಇನ್ನೊಂದ್ಸಲ ಹೇಳು. ನಡಿ."

ಸಿಗ್ನಲ್ಲು ಪದ್ಯ ಮುಗಿಯುವವರೆಗೆ ಕಾಯುವುದಿಲ್ಲ, ನಿಜ. ಆದರೆ ಕಾಲಿಗೆ ಗುಟ್ಟು ತಿಳಿದಿತ್ತು. ಎಲ್ಲಿ ನಿಲ್ಲಬೇಕೋ ಅದಕ್ಕಿಂತ ಒಂದು ಸಾಲು ಮೊದಲೇ ಮೆಲ್ಲಗೆ ಏಳತೊಡಗಬೇಕು, ಅಷ್ಟೆ. ಮಾರುಕಟ್ಟೆಯ ರಸ್ತೆ, ಶಾಲೆಯ ಹಿಂದಿನ ಇಳಿಜಾರು, ಸೇತುವೆಯ ಮೇಲಿನ ತಿರುವು, ಎಲ್ಲ ಸುತ್ತಿದೆವು. ಅತ್ತೆ ಮೂರು, ನಾನು ಮೂರು. ಎಲ್ಲಾದರೂ ಜರ್ಕ್ ಆದರೆ ಅತ್ತೆ "ಸಾಲು ಮುರೀತು" ಎನ್ನುವರು. ನಾನು ಮತ್ತೆ ಮೊದಲಿನಿಂದ ಹಿಡಿಯುವೆ.

ಹಿಂದಿನಿಂದ ಟೈನವರು, "ಮೇಡಂ, ಇನ್ನೂ ಆರು ಜನ ಕಾಯ್ತಿದ್ದಾರೆ..." ಎಂದರು.

"ಸುಮ್ನಿರಿ ಸಾರ್, ಪದ್ಯ ನಡೀತಿದೆ" ಎಂದರು ನಮ್ಮವರು.

ಅತ್ತೆ ಗಾಜು ಇಳಿಸಿ ಗಾಳಿಗೆ ಮುಖ ಕೊಟ್ಟು, "ಹಸಿವಾಗ್ತಿದೆ ಕಣೋ" ಎಂದಾಗ ನಮ್ಮವರು ಹಿಂದಿನ ಸೀಟಿನಲ್ಲಿ ಟೈನವರ ತೊಡೆಗೆ ರಪ್ಪನೆ ಹೊಡೆದರು. ಕಾರಿನಲ್ಲಿ ಕೂತ ಅತ್ತೆಯ ಬಾಯಿಂದ ಆ ಮಾತು ಹಿಂದೆಂದೂ ಬಂದಿರಲಿಲ್ಲ.

ಶೋರೂಮಿಗೆ ಬಂದಾಗ ಅರ್ಧ ಬಾಗಿಲು ಎಳೆದಿದ್ದರು. ಟೈನವರು ಕಾಗದ ಮುಂದಿಟ್ಟು, "ಬಣ್ಣ ಯಾವುದು, ಸೀಟಿನ ಹೊದಿಕೆ ಯಾವುದು, ಯೋಚನೆ ಮಾಡಿ ಸಾರ್, ಸ್ವಲ್ಪ..." ಎಂದರು.

"ಸ್ವಲ್ಪವೂ ಇಲ್ಲ, ಏನೂ ಇಲ್ಲ. ಯಾವುದು ಬೇಗ ಬರುತ್ತೋ ಆ ಬಣ್ಣ. ಸಹಿ ಎಲ್ಲಿ ಹಾಕ್ಬೇಕು ಹೇಳಿ" ಎಂದರು ನಮ್ಮವರು. ಅವರ ಪೆನ್ನಿನ ಮುಚ್ಚಳ ಎಲ್ಲೋ ಹಾರಿಹೋಯಿತು. ಬಗ್ಗಿ ಹುಡುಕಿಕೊಟ್ಟದ್ದು ಅತ್ತೆ.

ಬಂದದ್ದು ಹಳದಿ ಕಾರು, ನಿಂಬೆಹಣ್ಣಿನ ಹಳದಿ. ಹೊರಟ ದಿನ ಅತ್ತೆ ಬೆಳಿಗ್ಗೆ ಪದ್ಯಕ್ಕೆ ಕೂರಲಿಲ್ಲ. "ಇವತ್ತು ಅಲ್ಲೇ" ಎಂದರು. ಬೆಟ್ಟದ ಬುಡದಲ್ಲಿ ಚಾರ್ಜಿಗೆ ನಿಂತೆವು. ಆ ಒಂದು ಗಂಟೆ ದಂಡವಾಗಲಿಲ್ಲ; ಅತ್ತೆ ಮರದ ನೆರಳಲ್ಲಿ ಕಾಲಾಡಿಸಿ, ತಂದ ಬುತ್ತಿಯಲ್ಲಿ ನನ್ನ ಪಾಲನ್ನೂ ತಿಂದರು. ನಮ್ಮವರು ಫೋನು ನೋಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಉಸಿರು ಹಿಡಿದರು. ನಾನು ಬಗ್ಗಿ ನೋಡಿದೆ. ಕಂಪನಿಯವರು ಬೆಲೆ ಮತ್ತೆ ಇಳಿಸಿದ್ದರು, ನಾವು ಕೊಟ್ಟದ್ದಕ್ಕಿಂತ ಕೆಳಗೆ.

"ಏನೋ ಅದು?" ಎಂದರು ಅತ್ತೆ.

ನಮ್ಮವರು ಫೋನನ್ನು ಜೇಬಿನ ಆಳಕ್ಕೆ ತಳ್ಳಿದರು. "ಏನಿಲ್ಲಮ್ಮ. ಚಾರ್ಜ್ ಆಯ್ತಾ ನೋಡ್ತೀನಿ."

ಬೆಟ್ಟದ ತಿರುವುಗಳನ್ನು ಪದ್ಯದ ಮೇಲೆ ಪದ್ಯ ಹೇಳಿ ದಾಟಿದೆವು. ಚೀಲ ಮಡಿಸಿದ ಹಾಗೇ ಉಳಿಯಿತು.

ದೊಡ್ಡಮ್ಮ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ನಮ್ಮ ದಾರಿಯ ಕಡೆ ಬೆನ್ನು ಮಾಡಿ ಕೂತಿದ್ದರು. ಕಾರಿಗೆ ಸದ್ದಿಲ್ಲ, ಅವರಿಗೆ ಕಿವಿಯಿಲ್ಲ. ಮಾರು ದೂರದಲ್ಲಿ ನಿಲ್ಲಿಸಿದರೂ ತಿರುಗಲಿಲ್ಲ. ನಮ್ಮವರು ಹಿಂದಿನ ಸೀಟಿನಿಂದ ಹಾರ್ನ್ ಒತ್ತಲು ಕೈ ಚಾಚಿದರು. ಅತ್ತೆ ತಡೆದು, ಇಳಿದು, ಹಿಂದಿನಿಂದ ಮೆಲ್ಲಗೆ ಹೋಗಿ ಅಕ್ಕನ ಕಣ್ಣು ಮುಚ್ಚಿದರು.

ದೊಡ್ಡಮ್ಮ ಆ ಬೆರಳುಗಳನ್ನು ಒಂದೊಂದಾಗಿ ಸವರಿದರು. ಯಾರೆಂದು ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಹಿಡಿದರು, ಎರಡನೆಯದು, ಮೂರನೆಯದನ್ನು ಎಳೆದು, ಎಳೆದು, ಇಳಿಸಿದರು. ಸ್ಟೀರಿಂಗಿನ ಮುಂದೆ ಕೂತಿದ್ದ ನನ್ನ ಕಾಲು ತಾನಾಗಿ ಮೇಲೆದ್ದಿತು.

ಅತ್ತೆ ಅಕ್ಕನ ಕಿವಿಯ ಹತ್ತಿರ ಬಗ್ಗಿ ನಾಲ್ಕನೆಯ ಸಾಲು ಹಿಡಿದರು.