ಭಾವ ಓದಿದ ಸಾಲು

"ಡ, ಪ, ಮ, ಥ, ಶ..."

ಕಣ್ಣಾಸ್ಪತ್ರೆಯ ಬಾಗಿಲ ಪರದೆಯಾಚೆ ಭಾವ ಅಕ್ಷರದ ಫಲಕದ ಕೊನೆಯ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದ. ಈಚೆ ಬೆಂಚಿನ ಮೇಲೆ ಕೂತ ದರ್ಜಿ ತುಟಿ ಅಲ್ಲಾಡಿಸುತ್ತ ಅದನ್ನು ಬಾಯಿಪಾಠ ಮಾಡುತ್ತಿದ್ದ.

ಇಬ್ಬರಿಗೂ ಸಕ್ಕರೆ ಕಾಯಿಲೆ. ಇಬ್ಬರಿಗೂ ಕಣ್ಣಿನ ಹಿಂಬದಿಯ ಪಟಲ ಊದಿಕೊಂಡಿತ್ತು. ಕಣ್ಣಿಗೆ ಚುಚ್ಚುವ ಮದ್ದು ಮಾತ್ರ ಬೇರೆ ಬೇರೆ. ಹೆಂಡತಿಯ ಅಣ್ಣನಾದ ಈ ಭಾವ ಗಡಿಯಾರ ರಿಪೇರಿಯವನು. ಮೂರು ತಿಂಗಳಿಂದ ಅವನದು ಒಂದೇ ರಾಗ: "ನಂದು ಮದ್ದು ಕಣಯ್ಯ, ನಿಂದು ಬರೀ ನೀರು."

ಹೋದ ತಿಂಗಳು ದರ್ಜಿ ಲಾಯರೊಬ್ಬರ ಕೋಟಿಗೆ ಎರಡೂ ಎಡತೋಳನ್ನೇ ಕತ್ತರಿಸಿ ಹೊಲಿದಿದ್ದ. ಅವತ್ತೇ ಹೆಂಡತಿ ಕತ್ತರಿಯನ್ನು ಬೀರುವಿಗೆ ಹಾಕಿ ಬೀಗ ಜಡಿದಳು. "ಕಣ್ಣು ಸುಧಾರಿಸಿದೆ ಅಂತ ಡಾಕ್ಟ್ರು ಹೇಳ್ಲಿ, ಆಮೇಲೆ ಕೊಡ್ತೀನಿ." ಮೂವತ್ತು ವರ್ಷ ಬಟ್ಟೆ ಕತ್ತರಿಸಿದವನು ಈಗ ಅಂಗಡಿಯಲ್ಲಿ ಗುಂಡಿ ಆರಿಸುತ್ತ ಕೂರುತ್ತಿದ್ದ.

ದರ್ಜಿಯ ಸರದಿ ಬಂತು. ಕುರ್ಚಿಯಲ್ಲಿ ಕೂತವನೇ ಮೇಲಿನ ಸಾಲುಗಳನ್ನೆಲ್ಲ ಹಾರಿಸಿ, ಕೊನೆಯದನ್ನು ಒಂದೇ ಉಸಿರಿಗೆ ಒಪ್ಪಿಸಿದ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದು 'ಪ' ಅಲ್ಲ, 'ಷ'. 'ಥ' ಅಲ್ಲ, 'ಧ'. ನಿಮ್ಮ ಭಾವನೂ ಇವೆರಡನ್ನೇ ತಪ್ಪು ಓದಿದ್ರು. ಇಬ್ರೂ ಒಂದೇ ಕಣ್ಣಲ್ಲಿ ನೋಡ್ತೀರಾ?"

"ಕಾಪಿ ಹೊಡೆದಿದ್ದಾನೆ ಡಾಕ್ಟ್ರೇ!" ಆಚೆಯಿಂದ ಭಾವನ ಕೂಗು.

"ನೀನು ನೆಟ್ಟಗೆ ಓದಿದ್ರೆ ನಾನ್ಯಾಕೆ ಸಿಕ್ಕಿ ಬೀಳ್ತಿದ್ದೆ?"

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಸ್ಕ್ಯಾನಲ್ಲಿ ಊತ ಹಾಗೇ ಇದೆ. ಯಾವ ಮದ್ದು ಅಂತ ತೀರ್ಮಾನ ಮಾಡೋಕೆ ನಂಗೆ ನಿಜ ಬೇಕು. ಎಲ್ಲೀವರೆಗೆ ಕಾಣುತ್ತೆ?"

ದರ್ಜಿ ಕಣ್ಣು ಕಿರಿದು ಮಾಡಿ ಫಲಕದತ್ತ ನೋಡಿದ. "ಎರಡನೇ ಸಾಲು," ಎಂದ. ಆಮೇಲೆ ದನಿ ತಗ್ಗಿಸಿ, "ಅದೂ ಅಂದಾಜು."

"ನೋಟ ಅಷ್ಟಾಗಿ ಕೆಡದಿದ್ರೆ ಎಲ್ಲಾ ಮದ್ದೂ ಹೆಚ್ಚುಕಮ್ಮಿ ಒಂದೇ. ಇಷ್ಟು ಮಂಜಾಗಿದ್ರೆ ನಿಮ್ಮ ಭಾವನಿಗೆ ಕೊಡೋದು ಒಂದು ಕೈ ಮೇಲು. ಇವತ್ತಿಂದ ಅದನ್ನೇ ಹಾಕೋಣ."

"ಅವನಿಗೆ ಮಾತ್ರ ಹೇಳ್ಬೇಡಿ ಅಮ್ಮಾ."

"ಕೇಳಿಸ್ತು!" ಎಂದಿತು ಪರದೆ.

ಮಧ್ಯಾಹ್ನ ಇಬ್ಬರೂ ಆಸ್ಪತ್ರೆಯ ಮೆಟ್ಟಿಲಿಳಿದರು. ಭಾವನ ಎಡಗಣ್ಣಿಗೆ ಪಟ್ಟಿ, ದರ್ಜಿಯ ಬಲಗಣ್ಣಿಗೆ. ಒಬ್ಬರ ಮೊಣಕೈಯನ್ನು ಇನ್ನೊಬ್ಬರು ಹಿಡಿದಿದ್ದರು.

"ಇನ್ನೂ ಒಂದು ಮೆಟ್ಲಿದೆ," ಎಂದ ಭಾವ.

"ಇಲ್ಲ, ಮುಗೀತು."

"ಇದೆ ಕಣೋ."

ಇಬ್ಬರೂ ಒಂದೊಂದು ಕಾಲನ್ನು ಮುಂದೆ ಚಾಚಿ, ಗಾಳಿಯಲ್ಲಿ ನೆಲವನ್ನು ತಡಕುತ್ತ ನಿಂತರು.