ಬ್ರೋಕ್‌ಮನ್ನರ ಕೋಣೆ

ಇನ್ಸ್‌ಬ್ರುಕ್‌ನಲ್ಲಿ ಚಳಿಗಾಲ ಬಂತೆಂದರೆ ನಮ್ಮ ಮನೆ ನಮ್ಮದಲ್ಲ; ಕೋಣೆಗಳೆಲ್ಲ ಹಿಮದಲ್ಲಿ ಸ್ಕೀ ಜಾರಲು ಬರುವವರಿಗೆ ಬಾಡಿಗೆಗೆ. ಡಿಸೆಂಬರಿನಲ್ಲಿ ಮೊದಲ ಸ್ಕೀ ಅತಿಥಿ ಬರುವ ಮುಂಚೆ ಬಟ್ಟೆಬರೆ ಕಟ್ಟಿಕೊಂಡು ನೆಲಮಾಳಿಗೆಗೆ, ಬಟ್ಟೆ ಒಗೆಯುವ ಕೋಣೆಗೆ ಇಳಿಯಬೇಕು. ಈಸ್ಟರ್ ಕಳೆದ ಮೇಲೆಯೇ ಮತ್ತೆ ಹತ್ತುವುದು. ನಮ್ಮ ಬೀದಿಯಲ್ಲಿ ಎಲ್ಲರದೂ ಇದೇ ಪಾಡು, ಹಾಗಾಗಿ ಯಾರಿಗೂ ಅದು ಪಾಡು ಅನ್ನಿಸಿರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು: ಮನೆಯಲ್ಲಿ ಏನೇ ಆಗಲಿ, ಅತಿಥಿಯ ಕಿವಿಗೆ ಬೀಳಬಾರದು. ಅಪ್ಪ ಸತ್ತ ವಾರವೂ ಅಮ್ಮ ನಗುತ್ತಲೇ ಬೆಳಗಿನ ಬ್ರೆಡ್ಡು ಬಡಿಸಿದ್ದಳು.

ಅಮ್ಮ ನೋಟ್‌ಬುರ್ಗಾಳ ಕೋಣೆ ಮಹಡಿಯ ಮೇಲಿನದು. ಕಿಟಕಿಯ ಎದುರಿಗೇ ಬೆಟ್ಟದ ಸಾಲು. ಅದರ ಮೇಲಿನ ಹಿಮವನ್ನು ಆ ಹಾಸಿಗೆಯಿಂದ ಇಪ್ಪತ್ತೈದು ವರ್ಷ ನೋಡಿದವರು ಮಾತ್ರ ಹ್ಯಾನೋವರಿನಿಂದ ಒಬ್ಬರೇ ಬರುತ್ತಿದ್ದ ಅತಿಥಿ ಬ್ರೋಕ್‌ಮನ್ನರು. ಪ್ರತಿ ಫೆಬ್ರವರಿಯಲ್ಲಿ ಮೂರು ವಾರ, ಹಗಲೆಲ್ಲ ಸ್ಕೀಯಿಂಗ್, ಸಂಜೆಗೆ ಆಪೆರಾ. ಅಮ್ಮನಿಗೆಂದು ತಪ್ಪದೆ ಕಾಫಿಪುಡಿ ತರುತ್ತಿದ್ದರು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಆ ವರ್ಷ ಅಮ್ಮನ ಶ್ವಾಸಕೋಶ ಕೈಕೊಟ್ಟಿತು. ಇನ್ನು ಕೆಲವೇ ದಿನ ಎಂದರು ಡಾಕ್ಟರು. ಅಮ್ಮ ಏನನ್ನೂ ಕೇಳುವವಳಲ್ಲ. ಆದರೆ ಒಂದು ಬೆಳಿಗ್ಗೆ, ಹಗ್ಗಕ್ಕೆ ಹರವಿದ ಒದ್ದೆ ಬಟ್ಟೆಗಳ ಕೆಳಗೆ ಮಲಗಿದ್ದವಳು ನನ್ನನ್ನು ಕರೆದಳು.

"ವ್ರೋನಿ, ನನ್ನ ಹಾಸಿಗೇಲಿ ಮಲಗಿ ಒಂದ್ಸಲ ಹಿಮ ನೋಡ್ಬೇಕು ಕಣೇ."

ಮೇಲೆ ಹೋದೆ. ಬ್ರೋಕ್‌ಮನ್ನರು ಬೂಟು ಬಿಗಿಯುತ್ತಿದ್ದರು. ಅಮ್ಮ ಸಾಯುತ್ತಿದ್ದಾಳೆ ಎನ್ನಲು ಬಾಯಿ ತೆರೆದೆ. ನಲವತ್ತು ವರ್ಷದ ಅಭ್ಯಾಸ ಅದನ್ನು ಮುಚ್ಚಿಸಿತು. ಈ ಕೋಣೆಯ ಹೀಟರ್ ಕೆಡುವ ಹಾಗಿದೆ, ಪಕ್ಕದ ಮನೆಯಲ್ಲಿ ಒಳ್ಳೆಯ ಕೋಣೆಯಿದೆ, ಎರಡು ದಿನ ಅಲ್ಲಿರುತ್ತೀರಾ ಎಂದು ಕೇಳಿದೆ.

"ಅದಕ್ಯಾಕಮ್ಮ ತಲೆ ಕೆಡಿಸ್ಕೊಳ್ತೀಯ? ಇನ್ನೆರಡು ಕಂಬಳಿ ಕೊಟ್ಬಿಡು, ಸಾಕು. ಇಪ್ಪತ್ತೈದು ವರ್ಷದಿಂದ ನನ್ನ ಕೋಣೆ ಇದು, ಬಿಟ್ಟು ಹೋಗೋಕಾಗುತ್ತಾ?"

ನಿಜ ಹೇಳಲು ಆಗಲೂ ಅವಕಾಶವಿತ್ತು. ಸರಿ ಎಂದು ಇಳಿದು ಬಂದೆ. ಬೀರುವಿನಲ್ಲಿ ಉಳಿದಿದ್ದು ಒಂದೇ ಕಂಬಳಿ. ಇನ್ನೊಂದನ್ನು ಅಮ್ಮ ತನ್ನ ಮೈಮೇಲಿನಿಂದ ತಾನೇ ತೆಗೆದುಕೊಟ್ಟಳು. ಅವರಿಗೆ ಏನೂ ಹೇಳಲಿಲ್ಲ ತಾನೇ ಎಂದು ಕೇಳಿ, ಇಲ್ಲವೆಂದಾಗ ನನ್ನ ಕೈ ಸವರಿದಳು. ಆಗ ಅವಳ ಮೇಲೆ ಬಂದಷ್ಟು ಸಿಟ್ಟು ನನಗೆ ಬ್ರೋಕ್‌ಮನ್ನರ ಮೇಲೂ ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ, ಅದೇ ಒಗೆಯುವ ಕೋಣೆಯಲ್ಲಿ, ಅಮ್ಮ ತೀರಿಕೊಂಡಳು. ಅದೇ ಹೊತ್ತಿಗೆ ಪೇಟೆಯಲ್ಲಿ ಪ್ರವಾಸಿ ಕಚೇರಿಯವರು, ಇಪ್ಪತ್ತೈದು ಚಳಿಗಾಲ ತಪ್ಪದೆ ಬಂದ ಅತಿಥಿಯೆಂದು ಬ್ರೋಕ್‌ಮನ್ನರ ಕೋಟಿಗೆ ಬೆಳ್ಳಿಯ ಬಿಲ್ಲೆ ಚುಚ್ಚುತ್ತಿದ್ದರು. ವಾದ್ಯದವರನ್ನೂ ಕರೆಸಿದ್ದರಂತೆ. ಸಂಜೆ ಬ್ರೋಕ್‌ಮನ್ನರು ಎದೆಯುಬ್ಬಿಸಿಕೊಂಡು ಬಂದು ಅಮ್ಮ ಎಲ್ಲಿ ಎಂದು ಕೇಳಿದರು. ಬಿಲ್ಲೆಯನ್ನು ಮೊದಲು ಅವಳಿಗೇ ತೋರಿಸಬೇಕಂತೆ.

"ಮಲಗಿದ್ದಾರೆ," ಅಂದೆ.

"ಪಾಪ, ಯಾವಾಗ್ಲೂ ದುಡೀತಾನೇ ಇರ್ತಾರೆ. ನಾಳೆ ಒಂದ್ಸಲ ಮೇಲೆ ಕರ್ಕೊಂಡು ಬಾ. ನನ್ನ ಕಿಟಕಿಯಿಂದ ಹಿಮ ಎಷ್ಟು ಚೆನ್ನಾಗಿ ಕಾಣುತ್ತೆ ಅಂತ ಅವರೂ ನೋಡ್ಲಿ."

ಹೇಳುತ್ತೇನೆ ಎಂದೆ. ನಾಳೆ ತಿಂಡಿ ಎಷ್ಟು ಹೊತ್ತಿಗೆ ಬೇಕೆಂದೂ ಕೇಳಿದೆ, ನಗುತ್ತಲೇ.