ಕೊಪ್ಪಂ ಕಾಳಗದಲ್ಲಿ ಗೆದ್ದವರು

ವಡೋದರೆಯ ರೈಲ್ವೆ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಹಯವದನರಾಯರು ಧಾರವಾಡದ ಕಡೆಯವರು. ಒಂಬತ್ತು ವರ್ಷಗಳಿಂದ ಚೋಳ-ಚಾಲುಕ್ಯರ ಯುದ್ಧಗಳ ಮೇಲೆ ಪುಸ್ತಕ ಬರೆಯುತ್ತಿದ್ದರು. ಭಾನುವಾರ ಬಂತೆಂದರೆ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಪಟ್ಟಾಭಿರಾಮ ಮನೆಗೆ ಬಂದು ಜಗಳಕ್ಕೆ ಕೂರುತ್ತಿದ್ದರು. ಅವರದು ತಂಜಾವೂರು, ಆದರೆ ಓದಿದ್ದು ಮೈಸೂರಿನಲ್ಲಿ.

ಜಗಳ ಸುತ್ತುತ್ತಿದ್ದುದು ಕೊಪ್ಪಂ ಕಾಳಗದ ಸುತ್ತಲೇ. ಒಂಬೈನೂರು ವರ್ಷಗಳ ಹಿಂದೆ ಅಲ್ಲಿ ಚಾಲುಕ್ಯರೆದುರು ಚೋಳರ ದೊರೆ ರಾಜಾಧಿರಾಜ ಆನೆಯ ಮೇಲೆಯೇ ಸತ್ತ. ಓಡುತ್ತಿದ್ದ ಸೈನ್ಯವನ್ನು ಅವನ ತಮ್ಮ ತಡೆದು ನಿಲ್ಲಿಸಿದ, ಗಾಯಗಳಿಂದ ರಕ್ತ ಸೋರುತ್ತಿದ್ದಾಗಲೇ ರಣರಂಗದಲ್ಲಿ ಕಿರೀಟ ಧರಿಸಿ ಗೆದ್ದ. ತಮಿಳು ಶಾಸನಗಳು ಹೇಳುವುದು ಹಾಗೆ. "ರಾಜನ್ನ ಕಳಕೊಂಡವರದು ಎಂಥಾ ಗೆಲವ್ರೀ?" ಎಂದು ಚಾಲುಕ್ಯರ ಪರವಾದ ರಾಯರು ಮೇಜು ಗುದ್ದುತ್ತಿದ್ದರು. "ಚಹಾ ಆರತದ, ಮೊದಲ ಕುಡೀರಿ, ಆಮ್ಯಾಲೆ ಗೆಲ್ರಿ," ಎಂದು ಅವರ ಹೆಂಡತಿ ಗಿರಿಜಾ ಒಳಗಿನಿಂದ ಕೂಗುತ್ತಿದ್ದರು.

ಅರವತ್ತೈದರ ಸೆಪ್ಟೆಂಬರಿನಲ್ಲಿ, ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ, ಅವರ ಒಬ್ಬನೇ ಮಗ, ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದ ಅಚ್ಯುತ, ಪಂಜಾಬದ ಗಡಿಯಲ್ಲಿ ಸತ್ತ. ದಹನವೂ ಅಲ್ಲಿಯೇ ಆಯಿತು. ಮನೆಗೆ ಮೊದಲು ತಂತಿ ಬಂತು, ತಿಂಗಳ ನಂತರ ಅವನ ಕಬ್ಬಿಣದ ಟ್ರಂಕು ಬಂತು.

ತಂತಿ ಬಂದ ಹದಿನಾಲ್ಕನೆಯ ದಿನ ರಾಯರು ಕಚೇರಿಗೆ ಹೋದರು. ಯಾರು ಏನೆಂದರೂ "ಹೌದು" ಎಂದರು. ಅಳು ಬರಲಿಲ್ಲ. ಬರಲಿಲ್ಲವೆಂಬ ಬೇಸರವೂ ಬರಲಿಲ್ಲ. ಸಾರಿಗೆ ಉಪ್ಪು ಹಾಕಿಲ್ಲವೆಂದು ಗಿರಿಜಾ ಹೇಳುವಷ್ಟರಲ್ಲಿ ಅವರ ಊಟ ಮುಗಿದಿರುತ್ತಿತ್ತು.

ಪಟ್ಟಾಭಿರಾಮ ಆರು ಭಾನುವಾರ ಬರಲಿಲ್ಲ. ಏಳನೆಯದಕ್ಕೆ ಬಂದು ಹೇಳಿದರು:

"ನೀವು ಹೇಳ್ತಿದ್ದದ್ದೇ ಸರಿ ಕಣ್ರೀ ರಾಯರೇ. ಕೊಪ್ಪಂನಲ್ಲಿ ನಿಮ್ಮವರೇ ಗೆದ್ದಿದ್ದು."

ಸ್ನೇಹಿತ ತನಗಾಗಿ ಏನನ್ನು ಬಿಟ್ಟುಕೊಟ್ಟನೆಂದು ರಾಯರಿಗೆ ತಿಳಿಯಿತು. ಆದರೂ ಒಳಗೆ ಏನೂ ಅಲುಗಲಿಲ್ಲ.

"ಇಲ್ಲ, ನಿಮ್ಮವರೇ ಗೆದ್ರು," ಎಂದರು.

ಬಾಗಿಲಲ್ಲಿ ನಿಂತಿದ್ದ ಗಿರಿಜಾ ಕೇಳಿದರು, "ಆ ಆನಿ ಮ್ಯಾಲೆ ಸತ್ತಾವಗ ಎಷ್ಟು ವಯಸ್ಸಾಗಿತ್ರಿ?"

"ಬರೆದಿಲ್ಲಮ್ಮ. ಐವತ್ತು ದಾಟಿರಬೇಕು," ಎಂದರು ಪಟ್ಟಾಭಿರಾಮ.

"ಅವನ ತಾಯಿ ಇದ್ಲೇನು?"

ಇಬ್ಬರಿಗೂ ಗೊತ್ತಿರಲಿಲ್ಲ.

"ಉಳಿದವ್ರು? ಬರೇ ಸಿಪಾಯಿಗಳು?"

"ದೊರೆಗಳ ಶಾಸನದಾಗ ಅವರ ಹೆಸರಿರೂದಿಲ್ಲ," ಎಂದರು ರಾಯರು. "ವೀರಗಲ್ಲಿನಾಗ ಇರ್ತಾವ. ಹೆಂಡತಿಯೋ ತಮ್ಮನೋ ತಾಯಿಯೋ ಕಲ್ಲು ನಿಲ್ಲಸ್ತಿದ್ರು."

"ಇಲ್ಲೆ ಅಂಥಾವು ಅದಾವೇನು? ನಾ ನೋಡಬೇಕು."

ಗುಜರಾತಿನ ಹಳ್ಳಿಗಳ ಅಂಚಿನಲ್ಲೂ ಅಂಥ ಕಲ್ಲುಗಳಿವೆ, ಪಾಳಿಯಾ ಎನ್ನುತ್ತಾರೆ. ಮರುವಾರ ಪಟ್ಟಾಭಿರಾಮ ಇಬ್ಬರನ್ನೂ ಬಸ್ಸಿನಲ್ಲಿ ಕರೆದೊಯ್ದರು. ಕೆರೆಯ ದಂಡೆಯ ಮೇಲೆ ಮೂರು ಕಲ್ಲುಗಳು, ಕುದುರೆ ಏರಿದವರ ಆಕೃತಿಗಳು. ಅಕ್ಷರ ಸವೆದು ಹೋಗಿತ್ತು. ರಾಯರು ಹಳೆಯ ಅಭ್ಯಾಸದಿಂದ ಬೆರಳಾಡಿಸಿದರು. ಒಂದು ಇಸವಿಯೂ ಸಿಗಲಿಲ್ಲ. ಹೊಸ ಚಪ್ಪಲಿ ಕಚ್ಚುತ್ತಿತ್ತು. ಅವರಿಗೆ ಅನ್ನಿಸುತ್ತಿದ್ದುದು ಅದೊಂದೇ.

ಎಮ್ಮೆ ಹೊಡೆದುಕೊಂಡು ಬಂದ ಮುದುಕಿಯೊಬ್ಬಳನ್ನು ಗಿರಿಜಾ ತಮ್ಮ ಅರೆಬರೆ ಗುಜರಾತಿಯಲ್ಲಿ ವಿಚಾರಿಸಿದರು. ಇವರು ಯಾರೆಂದು ಅವಳಿಗೂ ಗೊತ್ತಿರಲಿಲ್ಲ. ದಾದಾ, ಅಂದರೆ ಅಜ್ಜ, ಎಂದು ಕರೆದು ವರ್ಷಕ್ಕೊಮ್ಮೆ ಸಿಂಧೂರ ಹಚ್ಚುತ್ತೇವೆ ಎಂದಳು. ನಿನ್ನ ಮನೆತನದವರೇ ಎಂದು ಗಿರಿಜಾ ಕೇಳಿದ್ದಕ್ಕೆ, ಊರವರು ಎಂದಳು.

ಗಿರಿಜಾ ನೆಲದ ಮೇಲೆ ಕೂತುಬಿಟ್ಟರು. ತಂತಿ ಬಂದ ದಿನದಿಂದ ಬಾರದ ಅಳು ಅಲ್ಲಿ ಬಂತು. ಮುದುಕಿ ಎಮ್ಮೆಯನ್ನು ಬಿಟ್ಟು ಬಂದು ಪಕ್ಕದಲ್ಲಿ ಕುಳಿತಳು. ರಾಯರು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟರು. ಕೈ ಅಲ್ಲಿದೆಯೆಂದು ಗೊತ್ತಿತ್ತು, ಅಷ್ಟೆ.

ತಿರುಗಿ ಬರುವಾಗ ಬಸ್ಸಿನಲ್ಲಿ ರಾಯರು, "ನನ್ನ ಪುಸ್ತಕದ ಟಿಪ್ಪಣಿ ಎಲ್ಲಾ ನೀವ ಒಯ್ರಿ. ನೀವ ಬರೀರಿ," ಎಂದರು.

"ನಾನು ಬರೆದ್ರೆ ಚೋಳರ ಪರವಾಗೇ ಬರೀತೀನಿ."

"ಬರೀರಿ."

ಪಟ್ಟಾಭಿರಾಮ ಮರುದಿನ ಬಂದು ಎರಡು ಚೀಲ ಕಾಗದ ಒಯ್ದರು. ಮುಂದಿನ ಬೇಸಿಗೆಯಲ್ಲಿ ರಾಯರಿಗೆ ಸೂರತ್ತಿನ ಉಧ್ನಾಕ್ಕೆ ವರ್ಗವಾಯಿತು. ಸಾಮಾನು ಕಟ್ಟುವಾಗ ಗಿರಿಜಾ ಮೊದಲ ಬಾರಿಗೆ ಮಗನ ಟ್ರಂಕನ್ನು ತೆರೆದು, ಅವನ ಸ್ವೆಟರನ್ನು ಬಿಸಿಲಿಗೆ ಹಾಕಿದರು. ರಾಯರು ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಬಿಸಿಲು ಇಳಿಯುವವರೆಗೂ ಕೂತಿದ್ದರು.